‘ಎರಡೇ ಲಿಂಗ’ ಎಂದಿದ್ದಕ್ಕೆ ನರ್ಸ್ ಲೈಸೆನ್ಸ್ ರದ್ದಾಯಿತೇ? ಫಾರ್ವರ್ಡ್‌ನಲ್ಲಿ ಎಷ್ಟು ನಿಜ?

ಕೆನಡಾದ ನರ್ಸ್ ಒಬ್ಬರು ‘ಗಂಡು, ಹೆಣ್ಣು ಎರಡೇ ಲಿಂಗ’ ಎಂದು ಹೇಳಿದ್ದಕ್ಕೆ ಲೈಸೆನ್ಸ್ ಕಿತ್ತುಕೊಂಡು 94 ಸಾವಿರ ಡಾಲರ್ ದಂಡ ಹಾಕಿದರಂತೆ, ಸತ್ಯ ಹೇಳಿದರೆ ಶಿಕ್ಷೆಯಂತೆ, ಎಲ್ಲರಿಗೂ ಕಳಿಸಿ. ಈ ಧಾಟಿಯ ಸಂದೇಶ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ನಮಗೆ ಬಂದಾಗ ಅದರ ಕೆಳಗೆ ಎರಡು ಬಗೆಯ ಉತ್ತರಗಳಿದ್ದವು. ‘ಡ್ಯೂಟಿ ಮುಗಿದ ಮೇಲೆ ಆಕೆ ಏನು ಬೇಕಾದರೂ ಹೇಳಬಹುದು, ಅದು ಅವಳ ಹಕ್ಕು’ ಎಂದು ಒಬ್ಬರು. ‘ನರ್ಸ್ ಕೆಲಸ ಸೇವೆ ಮಾಡುವುದು, ಬಾಯಿ ಮುಚ್ಚಿಕೊಂಡಿರಬೇಕು’ ಎಂದು ಇನ್ನೊಬ್ಬರು.

ಫಾರ್ವರ್ಡ್‌ ಅರ್ಧ ತಪ್ಪು. ಕೆಳಗಿನ ಎರಡೂ ಉತ್ತರಗಳು ಪೂರ್ತಿ ತಪ್ಪು. ಹೇಗೆ ಎಂದು ನೋಡೋಣ.

ನಡೆದದ್ದೇನು?

ಆ ನರ್ಸ್ ಹೆಸರು ಆಮಿ ಹ್ಯಾಮ್. ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದವರು. ನರ್ಸಿಂಗ್ ಜೊತೆಗೆ ಪತ್ರಿಕೆಗಳಿಗೆ ಬರೆಯುತ್ತಾರೆ. 2020ರಲ್ಲಿ ವ್ಯಾಂಕೂವರ್ ನಗರದಲ್ಲಿ ಲೇಖಕಿ ಜೆ.ಕೆ. ರೌಲಿಂಗ್ ಅವರನ್ನು ಬೆಂಬಲಿಸುವ ದೊಡ್ಡ ಬಿಲ್‌ಬೋರ್ಡ್ ಹಾಕಿಸಿದವರಲ್ಲಿ ಇವರೂ ಒಬ್ಬರು. ಟ್ರಾನ್ಸ್‌ಜೆಂಡರ್ ವಿಷಯದಲ್ಲಿ ರೌಲಿಂಗ್ ಹೇಳಿದ ಮಾತುಗಳು ಆ ವರ್ಷ ಭಾರಿ ವಿವಾದವಾಗಿದ್ದವು. ಆ ಬಳಿಕ ಹ್ಯಾಮ್ ವಿರುದ್ಧ ನರ್ಸ್‌ಗಳ ನಿಯಂತ್ರಣ ಸಂಸ್ಥೆಗೆ ದೂರು ಹೋಯಿತು. ದೂರು ಕೊಟ್ಟವರು ಆಕೆಯ ರೋಗಿಗಳಲ್ಲ, ಸಾರ್ವಜನಿಕರು. ಈ ಅಂಶ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಆರೋಪ ಬಿಲ್‌ಬೋರ್ಡ್ ಒಂದಕ್ಕೆ ಸೀಮಿತವಾಗಿರಲಿಲ್ಲ. 2018ರಿಂದ 2021ರ ನಡುವೆ ಲೇಖನ, ಪಾಡ್‌ಕಾಸ್ಟ್, ಸೋಷಿಯಲ್ ಮೀಡಿಯಾಗಳಲ್ಲಿ, ತಾನು ನರ್ಸ್ ಅಥವಾ ನರ್ಸಿಂಗ್ ಶಿಕ್ಷಕಿ ಎಂದು ಗುರುತಿಸಿಕೊಂಡು, ಟ್ರಾನ್ಸ್‌ಜೆಂಡರ್ ಜನರ ಬಗ್ಗೆ ತಾರತಮ್ಯದ, ಅವಹೇಳನದ ಮಾತು ಆಡಿದ್ದಾರೆ ಎಂಬುದು ಆರೋಪ. 2022ರ ಸೆಪ್ಟೆಂಬರ್‌ನಲ್ಲಿ ವಿಚಾರಣೆ ಶುರುವಾಯಿತು. 2025ರ ಮಾರ್ಚ್‌ನಲ್ಲಿ ಶಿಸ್ತು ಸಮಿತಿ ತೀರ್ಪು ಕೊಟ್ಟಿತು: ಕೆಲವು ಹೇಳಿಕೆಗಳು ವೃತ್ತಿಗೆ ತಕ್ಕದ್ದಲ್ಲದ ನಡತೆ. ಅದೇ ವರ್ಷ ಆಗಸ್ಟ್‌ನಲ್ಲಿ ಶಿಕ್ಷೆ ಪ್ರಕಟವಾಯಿತು. ಒಂದು ತಿಂಗಳ ಅಮಾನತು, ಮತ್ತು 93,639 ಡಾಲರ್ 80 ಸೆಂಟ್ ವೆಚ್ಚ.

ಈಗ ಫಾರ್ವರ್ಡ್ ಇನ್ನೊಮ್ಮೆ ಓದಿ. ಲೈಸೆನ್ಸ್ ಕಿತ್ತುಕೊಂಡಿಲ್ಲ, ಒಂದು ತಿಂಗಳು ತಡೆಹಿಡಿದದ್ದು. ಆ ಹಣ ದಂಡ ಅಲ್ಲ, ವಿಚಾರಣೆ ನಡೆಸಲು ಸಂಸ್ಥೆಗೆ ತಗುಲಿದ ಖರ್ಚಿನ ಒಂದು ಪಾಲು. ಕೋರ್ಟ್ ಕೇಸಿನಲ್ಲಿ ಸೋತವರು ಗೆದ್ದವರ ಖರ್ಚು ಕೊಡುವ ಹಾಗೆ. ಕೊಡಬೇಕಾದವರ ಜೇಬಿಗೆ ಏನು ವ್ಯತ್ಯಾಸ ಎಂದು ನೀವು ಕೇಳಬಹುದು, ಆ ಪ್ರಶ್ನೆ ನ್ಯಾಯವೇ. 2025ರ ಆಗಸ್ಟ್‌ನ ದರದಲ್ಲಿ ರೂಪಾಯಿಯಲ್ಲಿ ಅದು 59 ಲಕ್ಷದ ಆಸುಪಾಸು. ‘ಎರಡೇ ಲಿಂಗ ಎಂದಳು, ಅದಕ್ಕೆ ಶಿಕ್ಷೆ’ ಎಂಬುದಂತೂ ವರ್ಷಗಟ್ಟಲೆ ನಡೆದ ಪ್ರಕರಣವನ್ನು ಒಂದು ಸಾಲಿಗೆ ಹಿಂಡಿದ್ದು. ಸಮಿತಿ ತೂಗಿದ್ದು ಬೇರೆ ಬೇರೆ ಕಡೆ ಆಡಿದ ಬೇರೆ ಬೇರೆ ಮಾತುಗಳನ್ನು, ಅವುಗಳ ಧಾಟಿಯನ್ನು, ಮತ್ತು ಆಡುವಾಗ ‘ನಾನು ನರ್ಸ್’ ಎಂಬ ಗುರುತು ಜೊತೆಗಿತ್ತೇ ಎಂಬುದನ್ನು.

ಹ್ಯಾಮ್ ಅವರ ವಾದವನ್ನೂ ಹೇಳಬೇಕು. ಹೆಂಗಸರಿಗೆಂದೇ ಇರುವ ಜಾಗಗಳನ್ನು, ಹಕ್ಕುಗಳನ್ನು ಉಳಿಸಿಕೊಳ್ಳುವುದು ರಾಜಕೀಯ ಚರ್ಚೆ, ಅದರಲ್ಲಿ ಭಾಗವಹಿಸಲು ನರ್ಸ್‌ಗೂ ಹಕ್ಕಿದೆ ಎನ್ನುತ್ತಾರೆ. ತೀರ್ಪಿನ ವಿರುದ್ಧ ಪ್ರಾಂತ್ಯದ ಸುಪ್ರೀಂ ಕೋರ್ಟಿಗೆ ಮೇಲ್ಮನವಿಯನ್ನೂ ಹಾಕಿದ್ದಾರೆ. ಹಾಗಾಗಿ ಯಾರಾದರೂ ‘ಇದೇ ಅಂತಿಮ’ ಎಂದು ಯಾವ ಕಡೆಯಿಂದ ಕಳಿಸಿದರೂ ಸ್ವಲ್ಪ ತಡೆದು ಓದಿ.

ಈ ‘ಕಾಲೇಜು’ ಕಾಲೇಜಲ್ಲ

ಹಲವರು ‘ಆಕೆ ಓದಿದ ಕಾಲೇಜು ಶಿಕ್ಷೆ ಕೊಟ್ಟಿತು’ ಎಂದುಕೊಂಡಿದ್ದಾರೆ. ತಪ್ಪು ತಿಳಿಯುವುದು ಸುಲಭ, ಏಕೆಂದರೆ ಸಂಸ್ಥೆಯ ಹೆಸರೇ ‘ಬ್ರಿಟಿಷ್ ಕೊಲಂಬಿಯಾ ಕಾಲೇಜ್ ಆಫ್ ನರ್ಸಸ್ ಅಂಡ್ ಮಿಡ್‌ವೈವ್ಸ್’. ಅಲ್ಲಿ ಪಾಠ ನಡೆಯುವುದಿಲ್ಲ. ಅದು ನಮ್ಮ ನರ್ಸಿಂಗ್ ಕೌನ್ಸಿಲ್ ಇದ್ದ ಹಾಗೆ. ಯಾರು ತನ್ನನ್ನು ನರ್ಸ್ ಎಂದು ಕರೆದುಕೊಳ್ಳಬಹುದು ಎಂದು ತೀರ್ಮಾನಿಸುವುದು, ನೋಂದಾಯಿಸುವುದು, ದೂರು ಬಂದರೆ ವಿಚಾರಿಸುವುದು ಅದರ ಕೆಲಸ.

ಒಂದು ಮಾತಿಗೆ ನರ್ಸ್ ಮೂರು ಬಾಗಿಲಲ್ಲಿ ಉತ್ತರ ಕೊಡಬೇಕಾಗಬಹುದು. ಕೆಲಸ ಕೊಟ್ಟ ಆಸ್ಪತ್ರೆ ಒಂದು, ಅದು ನೌಕರಿಯಿಂದ ತೆಗೆಯಬಹುದು. ನೋಂದಣಿ ಕೊಟ್ಟ ಕೌನ್ಸಿಲ್ ಇನ್ನೊಂದು, ಅದು ನೋಂದಣಿಯನ್ನೇ ತಡೆಯಬಹುದು. ಮೂರನೆಯದು ಪೊಲೀಸ್ ಮತ್ತು ಕೋರ್ಟು. ಒಂದು ಬಾಗಿಲಲ್ಲಿ ಗೆದ್ದವರು ಇನ್ನೊಂದರಲ್ಲಿ ಸೋಲಬಹುದು. ಹ್ಯಾಮ್ ವಿಷಯದಲ್ಲಿ ಸಮಿತಿಯ ತೀರ್ಪು ಬಂದ ಕೆಲವೇ ದಿನಗಳಲ್ಲಿ ಉದ್ಯೋಗ ಹೋಯಿತು. ಅದು ಕೆಲಸ ಕೊಟ್ಟವರ ನಿರ್ಧಾರ, ಕೌನ್ಸಿಲಿನದಲ್ಲ. ಫಾರ್ವರ್ಡ್‌ಗಳು ಸಾಮಾನ್ಯವಾಗಿ ಈ ಮೂರನ್ನೂ ಒಂದೇ ಪಾತ್ರೆಗೆ ಹಾಕಿ ಕಲಸಿಬಿಡುತ್ತವೆ.

ಡ್ಯೂಟಿ ಮುಗಿದ ಮೇಲೆ ಆಡಿದ್ದಕ್ಕೆ ಕೌನ್ಸಿಲ್ ಯಾಕೆ ಬರಬೇಕು?

ಇದೇ ನಿಜವಾದ ಪ್ರಶ್ನೆ. ಉತ್ತರ ನರ್ಸಿಂಗ್‌ನಿಂದ ಶುರುವಾಗಿದ್ದಲ್ಲ, ಶಾಲೆಯಿಂದ.

ಕೆನಡಾದ ನ್ಯೂ ಬ್ರನ್ಸ್‌ವಿಕ್ ಪ್ರಾಂತ್ಯದಲ್ಲಿ ಮಾಲ್ಕಂ ರಾಸ್ ಎಂಬ ಶಿಕ್ಷಕರಿದ್ದರು. ಬಿಡುವಿನಲ್ಲಿ ಯಹೂದಿಗಳ ವಿರುದ್ಧ ಪುಸ್ತಕ, ಕರಪತ್ರ ಬರೆದು ಹಂಚುತ್ತಿದ್ದರು. ತರಗತಿಯಲ್ಲಿ ಆ ಮಾತು ಆಡಿದರೆಂಬುದಕ್ಕೆ ನೇರ ಸಾಕ್ಷ್ಯ ಇರಲಿಲ್ಲ. ಮಕ್ಕಳನ್ನು ಅದೇ ಶಾಲಾ ಜಿಲ್ಲೆಗೆ ಕಳಿಸುತ್ತಿದ್ದ ಯಹೂದಿ ತಂದೆಯೊಬ್ಬರು ದೂರು ಕೊಟ್ಟರು. 1996ರಲ್ಲಿ ಕೆನಡಾದ ಸುಪ್ರೀಂ ಕೋರ್ಟು ಆ ಶಿಕ್ಷಕರನ್ನು ತರಗತಿಯಿಂದ ಹೊರಗಿಟ್ಟದ್ದು ಸರಿ ಎಂದಿತು. ಮಗುವಿಗೆ ಶಿಕ್ಷಕರನ್ನು ಆರಿಸಿಕೊಳ್ಳುವ ಅವಕಾಶ ಇಲ್ಲ, ಶಾಲೆಯ ಗೇಟು ದಾಟಿದ ಮೇಲೂ ಮಕ್ಕಳ ಕಣ್ಣಿಗೆ ಅವರು ಶಿಕ್ಷಕರೇ, ಹೀಗೆ ಅದರ ತರ್ಕ ಸಾಗುತ್ತದೆ. ಇಲ್ಲಿ ಬಹಳ ಜನ ಬಿಟ್ಟುಬಿಡುವ ಭಾಗ ಒಂದಿದೆ. ‘ಬೋಧನೆ ಇಲ್ಲದ ಬೇರೆ ಹುದ್ದೆಯಲ್ಲಿದ್ದರೂ ಇಂಥದ್ದನ್ನು ಮತ್ತೆ ಪ್ರಕಟಿಸಿದರೆ ಕೆಲಸದಿಂದ ತೆಗೆಯಬೇಕು’ ಎಂಬ ಆದೇಶವನ್ನು ಅದೇ ಕೋರ್ಟು ರದ್ದು ಮಾಡಿತು. ಮಕ್ಕಳ ಎದುರು ನಿಲ್ಲದವನ ಬಾಯಿ ಕಟ್ಟಲು ಅದೇ ಕಾರಣ ಸಾಲುವುದಿಲ್ಲ.

ಈ ತರ್ಕವನ್ನು ವಾರ್ಡಿಗೆ ತಂದು ನೋಡಿ. ರಾತ್ರಿ ಎರಡು ಗಂಟೆ. ಆಪರೇಷನ್ ಆಗಿ ಮಲಗಿದ್ದೀರಿ, ಎದ್ದು ಕೂರಲು ಆಗುತ್ತಿಲ್ಲ, ಬೆಡ್‌ಪ್ಯಾನ್ ಬೇಕು. ಬೆಲ್ ಒತ್ತಿದಾಗ ಬರುವವರು ಯಾರು ಎಂದು ನೀವು ಆರಿಸುವುದಿಲ್ಲ. ನಿಮ್ಮ ಬಟ್ಟೆ ಸರಿಸುವವರು, ನೋವಿನ ಇಂಜೆಕ್ಷನ್ ಈಗ ಬೇಕೋ ಬೆಳಿಗ್ಗೆವರೆಗೆ ತಡೆಯಬಹುದೋ ಎಂದು ಡಾಕ್ಟರಿಗೆ ಫೋನ್ ಮಾಡುವವರು ಅವರೇ. ಅದೇ ನರ್ಸ್ ನಿಮ್ಮ ಜಾತಿ, ಧರ್ಮ ಅಥವಾ ಲಿಂಗತ್ವದವರ ಬಗ್ಗೆ ‘ಇಂಥವರು ಹೀಗೇ’ ಎಂದು ಹಾಕಿದ ಸ್ಟೇಟಸ್ ಅನ್ನು ನೀವು ಹಿಂದಿನ ದಿನ ನೋಡಿದ್ದರೆ? ಬಹುಶಃ ಆಕೆ ಬೆಡ್‌ಪ್ಯಾನ್ ತಂದೇ ತರುತ್ತಾರೆ, ನಗುತ್ತಲೇ ತರುತ್ತಾರೆ. ಆದರೆ ಬೆಲ್ ಒತ್ತುವ ಮೊದಲು ನೀವು ಒಂದು ಕ್ಷಣ ಯೋಚಿಸುತ್ತೀರಿ.

ಆ ಒಂದು ಕ್ಷಣ ಕಲ್ಪನೆಯಲ್ಲ. 2015ರಲ್ಲಿ ಅಮೆರಿಕದಲ್ಲಿ ಸುಮಾರು 27,700 ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಸಮೀಕ್ಷೆ ನಡೆಯಿತು. ಹಿಂದಿನ ಒಂದು ವರ್ಷದಲ್ಲಿ ಕಾಯಿಲೆ ಇದ್ದರೂ, ಕೆಟ್ಟದಾಗಿ ನಡೆಸಿಕೊಳ್ಳುತ್ತಾರೆ ಎಂಬ ಭಯಕ್ಕೆ ಡಾಕ್ಟರ್ ಹತ್ತಿರ ಹೋಗಲಿಲ್ಲ ಎಂದವರು ಅದರಲ್ಲಿ ಶೇ. 23. ಯಾವುದೋ ಒಬ್ಬ ನರ್ಸ್‌ನ ಒಂದು ಪೋಸ್ಟ್‌ನಿಂದ ಇದಾಯಿತು ಎಂದು ನಾವು ಹೇಳುತ್ತಿಲ್ಲ, ಹಾಗೆ ಹೇಳಲು ಆ ಸಂಖ್ಯೆ ಬಿಡುವುದೂ ಇಲ್ಲ. ಆದರೆ ‘ಯಾವ ರೋಗಿಯೂ ದೂರು ಕೊಟ್ಟಿಲ್ಲವಲ್ಲ’ ಎಂಬ ವಾದದ ತೊಡಕು ಇಲ್ಲಿದೆ. ಹೆದರಿ ಆಸ್ಪತ್ರೆಗೇ ಬಾರದವರು ಯಾವ ದೂರು ಪುಸ್ತಕದಲ್ಲಿ ಬರೆಯಬೇಕು?

ನಮ್ಮ ಬಳಗದ ಒಬ್ಬರ ಮನೆಯದೇ ಮಾತು. ಅಜ್ಜಿಯನ್ನು ಅಡ್ಮಿಟ್ ಮಾಡಿದ್ದ ಆಸ್ಪತ್ರೆಯಲ್ಲಿ ಪಕ್ಕದ ಬೆಡ್ಡಿನವರ ಹೆಸರು ಓದಿ ಸಿಬ್ಬಂದಿಯೊಬ್ಬರು ಅವರ ಸಮುದಾಯದ ಬಗ್ಗೆ ಜೋಕ್ ಮಾಡಿದರು. ಅಜ್ಜಿಗೆ ಅರ್ಥವಾಗಲಿಲ್ಲ. ಪಕ್ಕದ ಬೆಡ್ಡಿನ ಹೆಂಗಸು ಆಮೇಲೆ ಎರಡು ದಿನ ನೀರು ಬೇಕೆಂದರೂ ಸಿಬ್ಬಂದಿಯನ್ನು ಕರೆಯಲಿಲ್ಲ, ಅಜ್ಜಿಯ ಮಗಳನ್ನು ಕರೆದರು.

ಹಾಗಾದರೆ ನರ್ಸ್ ಬಾಯಿ ಮುಚ್ಚಿಕೊಂಡೇ ಇರಬೇಕೇ?

ಖಂಡಿತ ಇಲ್ಲ. ಇದಕ್ಕೆ ಕೆನಡಾದ್ದೇ ಇನ್ನೊಂದು ಪ್ರಕರಣ ಇದೆ. ಅದು ಫಾರ್ವರ್ಡ್ ಆಗುವುದಿಲ್ಲ, ಏಕೆಂದರೆ ಅದರಲ್ಲಿ ಬೆಂಕಿ ಕಡಿಮೆ.

ಸಸ್ಕಾಚೆವಾನ್ ಪ್ರಾಂತ್ಯದ ನರ್ಸ್ ಕ್ಯಾರೊಲಿನ್ ಸ್ಟ್ರೋಮ್. 2015ರಲ್ಲಿ ಅವರ ಅಜ್ಜ ತೀರಿಕೊಂಡಿದ್ದರು. ಕೊನೆಗಾಲದಲ್ಲಿ ಅಜ್ಜನಿಗೆ ಆರೈಕೆ ಕೇಂದ್ರದಲ್ಲಿ ಸಿಕ್ಕ ಉಪಚಾರ ಸರಿಯಿರಲಿಲ್ಲ, ಸಿಬ್ಬಂದಿಗೆ ಇನ್ನಷ್ಟು ತರಬೇತಿ ಬೇಕು ಎಂದು ಫೇಸ್‌ಬುಕ್‌ನಲ್ಲಿ ಬರೆದರು. ಆಗ ಅವರು ಹೆರಿಗೆ ರಜೆಯಲ್ಲಿದ್ದರು, ಆ ಕೇಂದ್ರದಲ್ಲಿ ಕೆಲಸ ಮಾಡುತ್ತಲೂ ಇರಲಿಲ್ಲ. ಆದರೆ ತಾನು ನರ್ಸ್ ಎಂದು ಹೇಳಿಕೊಂಡಿದ್ದರು. ಅಲ್ಲಿನ ನರ್ಸಿಂಗ್ ಸಂಸ್ಥೆ ಇದನ್ನು ದುರ್ನಡತೆ ಎಂದು ತೀರ್ಮಾನಿಸಿ 1,000 ಡಾಲರ್ ದಂಡ, 25,000 ಡಾಲರ್ ವೆಚ್ಚ ಹೇರಿತು. ಮೊದಲ ಕೋರ್ಟಿನಲ್ಲೂ ಸ್ಟ್ರೋಮ್ ಸೋತರು. 2020ರ ಅಕ್ಟೋಬರ್‌ನಲ್ಲಿ ಪ್ರಾಂತ್ಯದ ಮೇಲ್ಮನವಿ ನ್ಯಾಯಾಲಯ ಎಲ್ಲವನ್ನೂ ರದ್ದು ಮಾಡಿತು. ಐದೂವರೆ ವರ್ಷ ಹಿಡಿಯಿತು.

ಆ ತೀರ್ಪಿನಲ್ಲಿ ನ್ಯಾಯಾಲಯ ಕೇಳಿಕೊಂಡ ಪ್ರಶ್ನೆಗಳು ನಮಗೆ ಬಹಳ ಉಪಯುಕ್ತ ಅನ್ನಿಸಿದವು. ಮಾತಾಡಿದ್ದು ಕೆಲಸದಲ್ಲಿದ್ದಾಗಲೋ, ಹೊರಗೋ? ನರ್ಸ್ ಎಂದು ಗುರುತಿಸಿಕೊಂಡಿದ್ದರೇ? ಟೀಕೆಗೆ ಒಳಗಾದ ಸಂಸ್ಥೆಗೂ ಅವರ ಕೆಲಸಕ್ಕೂ ಏನು ಸಂಬಂಧ? ತನಗೋ ತನ್ನ ಮನೆಯವರಿಗೋ ಸಿಕ್ಕ ಚಿಕಿತ್ಸೆಯ ಬಗ್ಗೆ ಮಾತಾಡಿದ್ದೇ? ದುಃಖದಲ್ಲಿದ್ದರೇ? ಹೇಳಿದ್ದು ನಿಜವೇ, ನ್ಯಾಯವಾಗಿತ್ತೇ? ಎಷ್ಟು ಜನಕ್ಕೆ ತಲುಪಿತು? ಸಮಾಜಕ್ಕೆ ಬೇಕಾದ ಚರ್ಚೆಗೆ ಅದರಿಂದ ಏನಾದರೂ ಸೇರಿತೇ? ವೃತ್ತಿಗೆ, ಜನರಿಗೆ ಎಷ್ಟು ಹಾನಿಯಾಯಿತು? ‘ನರ್ಸ್ ಒಬ್ಬರು ಹೇಳಿದರು, ಯಾರಿಗೋ ಬೇಸರವಾಯಿತು’ ಎಂಬಷ್ಟೇ ಸಾಲದು ಎಂಬುದು ಇದರ ಅರ್ಥ.

ಈ ಪ್ರಶ್ನೆಗಳನ್ನು ಇಟ್ಟುಕೊಂಡು ನೋಡಿದರೆ, ‘ನಮ್ಮ ಆಸ್ಪತ್ರೆಯಲ್ಲಿ ನಲವತ್ತು ರೋಗಿಗೆ ಒಬ್ಬ ನರ್ಸ್, ಹೀಗಾದರೆ ಜನ ಸಾಯುತ್ತಾರೆ’ ಎಂದು ಬರೆಯುವವರೂ, ‘ಈ ಜಾತಿಯವರು ಕೊಳಕರು’ ಎಂದು ಬರೆಯುವವರೂ ಒಂದೇ ತಕ್ಕಡಿಗೆ ಬರುವುದಿಲ್ಲ. ಮೊದಲನೆಯದರಿಂದ ಆಡಳಿತಕ್ಕೆ ಮುಜುಗರ, ರೋಗಿಗೆ ಲಾಭ. ಎರಡನೆಯದರಿಂದ ರೋಗಿಗೇ ಪೆಟ್ಟು. ಕೌನ್ಸಿಲ್‌ಗಳು ಇವೆರಡನ್ನು ಗೊಂದಲ ಮಾಡಿಕೊಂಡಾಗ, ಸ್ಟ್ರೋಮ್ ವಿಷಯದಲ್ಲಿ ಆದ ಹಾಗೆ, ತಪ್ಪಾಗುತ್ತದೆ. ಹ್ಯಾಮ್ ಪ್ರಕರಣ ಇವೆರಡರ ನಡುವಿನ ಕಷ್ಟದ ಜಾಗದಲ್ಲಿದೆ. ಸಾರ್ವಜನಿಕ ನೀತಿಯ ಚರ್ಚೆಯೂ ಅದರಲ್ಲಿದೆ, ಒಂದು ಸಮುದಾಯದ ಅವಹೇಳನವೂ ಇದೆ ಎಂದು ಸಮಿತಿ ಕಂಡುಕೊಂಡಿದೆ. ಸಮಿತಿಗೆ ಕೇಳುವ ಅಧಿಕಾರ ಇತ್ತು ಎಂಬುದರಲ್ಲಿ ನಮಗೆ ಅನುಮಾನ ಇಲ್ಲ. ಆದರೆ ದೂರು ಬಂದು ತೀರ್ಪಾಗಲು ನಾಲ್ಕು ವರ್ಷಕ್ಕೂ ಹೆಚ್ಚು ಸಮಯ, ಅಮಾನತು ಒಂದೇ ತಿಂಗಳು, ಖರ್ಚು 59 ಲಕ್ಷ! ವಿಚಾರಣೆಯೇ ಶಿಕ್ಷೆಗಿಂತ ದೊಡ್ಡದಾದರೆ ನಾಳೆ ಆಸ್ಪತ್ರೆಯ ಹುಳುಕು ಹೇಳಬೇಕಾದ ನರ್ಸ್ ಕೂಡ ಸುಮ್ಮನಾಗುತ್ತಾರೆ. ಇದು ನಮಗೆ ನಿಜಕ್ಕೂ ಕಿರಿಕಿರಿ ಮಾಡಿದ ಭಾಗ.

ಒಂದೇ ದಿನದಲ್ಲಿ ಅಮಾನತಾಗುವುದೂ ಉಂಟು

ವರ್ಷಗಟ್ಟಲೆ ಕಾಯಲಾಗದ ಸಂದರ್ಭಗಳಿವೆ. 2025ರ ಫೆಬ್ರವರಿಯಲ್ಲಿ ಆಸ್ಟ್ರೇಲಿಯಾದ ಸಿಡ್ನಿಯ ಬ್ಯಾಂಕ್ಸ್‌ಟೌನ್ ಆಸ್ಪತ್ರೆಯ ಇಬ್ಬರು ನರ್ಸ್‌ಗಳ ವಿಡಿಯೋ ಹರಿದಾಡಿತು. ಇಸ್ರೇಲಿನ ವ್ಯಕ್ತಿಯೊಬ್ಬರ ಜೊತೆ ಆನ್‌ಲೈನ್ ಚಾಟ್‌ನಲ್ಲಿ, ಆಸ್ಪತ್ರೆಯ ಬಟ್ಟೆಯಲ್ಲೇ ಕೂತು, ಇಸ್ರೇಲಿ ರೋಗಿಗಳಿಗೆ ಚಿಕಿತ್ಸೆ ಕೊಡುವುದಿಲ್ಲ, ಕೊಲ್ಲುತ್ತೇವೆ ಎಂಬ ಅರ್ಥದ ಮಾತು ಅದರಲ್ಲಿತ್ತು. ತಕ್ಷಣ ಕೆಲಸದಿಂದ ದೂರ ಇಟ್ಟರು, ನೋಂದಣಿ ಅಮಾನತಾಯಿತು, ಆಮೇಲೆ ಪೊಲೀಸರು ಆರೋಪ ದಾಖಲಿಸಿದರು. ಮೇಲೆ ಹೇಳಿದ ಮೂರೂ ಬಾಗಿಲು ಒಟ್ಟಿಗೇ ತೆರೆದವು. ಆಸ್ಪತ್ರೆಯ ದಾಖಲೆ ಪರಿಶೀಲಿಸಿದಾಗ ಯಾವ ರೋಗಿಗೂ ಹಾನಿಯಾದ ಸಾಕ್ಷ್ಯ ಸಿಗಲಿಲ್ಲ ಎಂದು ಅಲ್ಲಿನ ಸರ್ಕಾರ ಹೇಳಿತು. ‘ನರ್ಸ್‌ಗಳು ರೋಗಿಗಳನ್ನು ಕೊಂದರು’ ಎಂದು ನಿಮಗೆ ಬಂದಿದ್ದರೆ ಅದು ಸುಳ್ಳು.

ಇಂಥ ತಕ್ಷಣದ ಅಮಾನತು ಶಿಕ್ಷೆ ಅಲ್ಲ, ವಿಚಾರಣೆ ಮುಗಿಯುವವರೆಗೆ ರೋಗಿಗಳ ರಕ್ಷಣೆಗೆ ಹಾಕುವ ಬೇಲಿ. ಬೆದರಿಕೆ ನೇರವಾಗಿ ರೋಗಿಯ ಜೀವಕ್ಕೇ ಇದ್ದರೆ ಬೇಲಿ ಮೊದಲು, ವಾದ ಆಮೇಲೆ.

ನಮ್ಮಲ್ಲಿ ಹೇಗೆ?

ಭಾರತೀಯ ನರ್ಸಿಂಗ್ ಪರಿಷತ್ತಿನ ನೀತಿಸಂಹಿತೆಯ ಮೊದಲ ಅಂಶವೇ ಇದು: ಜಾತಿ, ಮತ, ಸಂಸ್ಕೃತಿ, ಜನಾಂಗ, ಲಿಂಗ, ಆರ್ಥಿಕ ಅಥವಾ ರಾಜಕೀಯ ಸ್ಥಿತಿ ಯಾವುದನ್ನೂ ನೋಡದೆ ಆರೈಕೆ ಮಾಡಬೇಕು. ಕರ್ನಾಟಕದಲ್ಲಿ ನರ್ಸ್‌ಗಳನ್ನು ನೋಂದಾಯಿಸುವುದು ಬೆಂಗಳೂರಿನಲ್ಲಿರುವ ರಾಜ್ಯ ನರ್ಸಿಂಗ್ ಪರಿಷತ್ತು. 2023ರಲ್ಲಿ ಸಂಸತ್ತು ಹಳೆಯ 1947ರ ಕಾಯ್ದೆಯ ಬದಲಿಗೆ ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗ ಕಾಯ್ದೆ ತಂದಿದೆ. ನೀತಿ ಮತ್ತು ನೋಂದಣಿಗೆಂದೇ ಪ್ರತ್ಯೇಕ ಮಂಡಳಿ ಅದರಲ್ಲಿದೆ.

ಮಾತಿಗೇ ಶಿಕ್ಷೆ ಹೇಳುವ ಒಂದು ಕಾನೂನೂ ನಮ್ಮಲ್ಲಿದೆ, ಬಹಳ ಜನಕ್ಕೆ ಗೊತ್ತಿಲ್ಲ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯ ಪ್ರಕಾರ ಎಚ್‌ಐವಿ ಇರುವವರ ಮೇಲೆ ದ್ವೇಷ ಹುಟ್ಟಿಸುವಂಥದ್ದನ್ನು ಯಾರೇ ಪ್ರಕಟಿಸಿದರೂ, ಹರಡಿದರೂ ಅಪರಾಧ. ಮೂರು ತಿಂಗಳಿಂದ ಎರಡು ವರ್ಷ ಸೆರೆ, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಇದು ನರ್ಸ್‌ಗೆ ಮಾತ್ರವಲ್ಲ, ಫಾರ್ವರ್ಡ್ ಒತ್ತುವ ನಮಗೂ ಅನ್ವಯ. ಟ್ರಾನ್ಸ್‌ಜೆಂಡರ್ ವ್ಯಕ್ತಿಗಳಿಗೆ ಆಸ್ಪತ್ರೆಯಲ್ಲಿ ತಾರತಮ್ಯ ಮಾಡುವುದನ್ನು 2019ರ ಕಾಯ್ದೆ ನಿಷೇಧಿಸುತ್ತದೆ. ಧರ್ಮ, ಜಾತಿ, ಭಾಷೆಗಳ ನಡುವೆ ಹಗೆ ಬಿತ್ತುವ ಮಾತಿಗೆ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 196 ಇದೆ.

ಮಂಗಳೂರು, ಬೆಂಗಳೂರಿನ ನರ್ಸಿಂಗ್ ಕಾಲೇಜುಗಳಲ್ಲಿ ಓದಿ ಬ್ರಿಟನ್, ಐರ್ಲೆಂಡ್, ಕೊಲ್ಲಿ ದೇಶ, ಆಸ್ಟ್ರೇಲಿಯಾಕ್ಕೆ ಹೊರಟವರಿಗೆ ಒಂದು ಮಾತು. ಬ್ರಿಟನ್ನಿನ ನರ್ಸಿಂಗ್ ಕೌನ್ಸಿಲ್‌ನ ಸಂಹಿತೆಯಲ್ಲಿ ಸೋಷಿಯಲ್ ಮೀಡಿಯಾ ಹೆಸರು ಹೇಳಿಯೇ ನಿಯಮ ಇದೆ. ರಾಜಕೀಯ, ಧಾರ್ಮಿಕ, ನೈತಿಕ ನಂಬಿಕೆಗಳನ್ನು ಅನುಚಿತ ರೀತಿಯಲ್ಲಿ ಇತರರ ಮುಂದೆ ಹೇಳಬಾರದು ಎಂದಿದೆ. ನಂಬಿಕೆ ಇಟ್ಟುಕೊಳ್ಳಬಾರದು ಎಂದಿಲ್ಲ, ವ್ಯತ್ಯಾಸ ಗಮನಿಸಿ. ಊರಿನ ಗ್ರೂಪಿನಲ್ಲಿ ಕನ್ನಡದಲ್ಲಿ ಬರೆದದ್ದು ಅಲ್ಲಿ ಯಾರಿಗೆ ತಿಳಿಯುತ್ತದೆ ಎಂಬ ಧೈರ್ಯ ಬೇಡ. ಸ್ಕ್ರೀನ್‌ಶಾಟ್ ತೆಗೆದು ದೂರು ಕೊಡುವವರು ಅದೇ ಗ್ರೂಪಿನಲ್ಲಿರುತ್ತಾರೆ, ಅನುವಾದ ಮಾಡಲು ಫೋನ್ ಸಾಕು.

ಇಲ್ಲಿನ ಆಸ್ಪತ್ರೆಯಲ್ಲಿ ನಿಮಗೇ ಇಂಥ ಅನುಭವ ಆದರೆ ವಿಡಿಯೋ ಮಾಡಿ ಹೆಸರು ಸಮೇತ ಹರಿಬಿಡುವ ಮೊದಲು ದಿನಾಂಕ, ವಾರ್ಡು, ಸಮಯ, ಆಡಿದ ಮಾತು ಬರೆದಿಟ್ಟುಕೊಳ್ಳಿ. ಪೋಸ್ಟ್ ಆಗಿದ್ದರೆ ಲಿಂಕ್ ಮತ್ತು ಸ್ಕ್ರೀನ್‌ಶಾಟ್ ಎರಡನ್ನೂ ಇಟ್ಟುಕೊಳ್ಳಿ. ಮೊದಲ ದೂರು ಆಸ್ಪತ್ರೆಯ ಮುಖ್ಯಸ್ಥರಿಗೆ ಬರವಣಿಗೆಯಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ. ಅಲ್ಲಿ ಉತ್ತರ ಸಿಗದಿದ್ದರೆ ಅದರ ಪ್ರತಿಯೊಂದಿಗೆ ರಾಜ್ಯ ನರ್ಸಿಂಗ್ ಪರಿಷತ್ತಿನ ರಿಜಿಸ್ಟ್ರಾರ್‌ಗೆ ಬರೆಯಿರಿ. ನರ್ಸ್ ಹೆಸರು ಗೊತ್ತಿಲ್ಲದಿದ್ದರೂ ವಾರ್ಡು ಮತ್ತು ಶಿಫ್ಟ್ ಬರೆದರೆ ಡ್ಯೂಟಿ ಪಟ್ಟಿಯಿಂದ ಹುಡುಕಬಹುದು.